ನಾನು ಅಳಿಸಿದ ಕೋಟೆ

ನಕ್ಷೆಯಲ್ಲಿ ಖಾಲಿ ಜಾಗ ಕಂಡರೆ ನಾನು ಇವತ್ತಿಗೂ ಹೆದರುತ್ತೇನೆ. ಬೇರೆಯವರಿಗೆ ಅದು ಬರೀ ಹಸಿರು ಬಣ್ಣ. ಹೊಲವೋ ಹುಲ್ಲುಗಾವಲೋ ಇರಬಹುದು ಅಷ್ಟೇ. ಇಪ್ಪತ್ತೊಂದು ವರ್ಷ ನಕ್ಷೆ ತಿದ್ದಿದ ನನಗೆ ಮೊದಲು ಏಳುವ ಪ್ರಶ್ನೆ ಬೇರೆ. ಇಲ್ಲಿ ಏನೂ ಇಲ್ಲ ಎಂದು ಹೇಳಿದವರು ಯಾರು? ನೋಡಿ ಹೇಳಿದರೋ, ನೋಡದೆ ಹೇಳಿದರೋ?

ಕಣ್ಣಿನ ತೊಂದರೆಯಿಂದ ಐವತ್ತಾರಕ್ಕೇ ಕೆಲಸ ಬಿಟ್ಟೆ. ಹಾಲೆಂಡಿನ ಹೂಫ್‌ಡಾರ್ಪ್‌ನಲ್ಲಿರುವ ನಮ್ಮ ಹಳೆಯ ಆಫೀಸಿಗೆ ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹೊಸಬರು ಸೇರುತ್ತಿದ್ದಾರೆ. ಭಾನುವಾರ ನಮ್ಮ ಮನೆಗೆ ಬಿರಿಯಾನಿಗೆ ಬಂದಾಗ "ಆಂಟಿ, ಅಲ್ಲಿ ಕೆಲ್ಸ ಹೆಂಗಿರತ್ತೆ?" ಎಂದು ಕೇಳುತ್ತಾರೆ. ಸಂಬಳ, ಪರ್ಮಿಟ್, ಬಡ್ತಿಯ ವಿಚಾರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಈ ಕೆಲಸದಲ್ಲಿ ಎಲ್ಲಿ ಹೆದರಬೇಕು ಎನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಪ್ಲೇಟು ಹಿಡಿದು ನಿಂತವರಿಗೆ ಅಷ್ಟೆಲ್ಲ ಹೇಳಲಾಗುವುದಿಲ್ಲವಾದ್ದರಿಂದ ಕೂತು ಬರೆಯುತ್ತಿದ್ದೇನೆ.

ನಾನು ಲಕ್ಷ್ಮೇಶ್ವರದವಳು. ಹುಬ್ಬಳ್ಳಿಯಲ್ಲಿ ಸಿವಿಲ್ ಡಿಪ್ಲೊಮಾ ಓದಿದೆ. ಮದುವೆಯಾಗಿ, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದ ಗಂಡನ ಹಿಂದೆ ಈ ದೇಶಕ್ಕೆ ಬಂದೆ. ಆಫೀಸಿನ ಮೊದಲ ದಿನವೇ ಮೇಲಧಿಕಾರಿ ಹೆಂಕ್ ನನ್ನನ್ನು ಕಿಟಕಿಯ ಬಳಿ ಕರೆದುಕೊಂಡು ಹೋಗಿ ಕೆಳಗೆ ತೋರಿಸಿದರು. ಆರಡಿ ದಾಟಿದ ಎತ್ತರ, ಬಿಳಿ ಹುಬ್ಬು, ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ.

"ಇಲ್ಲಿ ಹಿಂದೆ ದೊಡ್ಡ ಕೆರೆ ಇತ್ತು. ನಾವು ನೀರು ಹೊರಗೆ ಹಾಕಿ ನೆಲ ಮಾಡಿಕೊಂಡೆವು. ಅಗೆದರೆ ಚಿಪ್ಪು ಸಿಗುತ್ತೆ, ಬೇರೆ ಏನೂ ಇಲ್ಲ. ಇಂಥ ನೆಲದ ನಕ್ಷೆ ಮಾಡೋದು ಸುಲಭ. ನಿನಗೆ ಕೊಡೋದು ಐರ್ಲೆಂಡ್. ಅಲ್ಲಿ ಹಾಗಲ್ಲ."

ಹಾಗಲ್ಲ ಎಂದರೆ ಹೇಗೆ ಎಂಬುದು ತಿಳಿಯಲು ಮೊದಲ ತಪ್ಪು ಮಾಡಬೇಕಾಯಿತು. ಆಗೆಲ್ಲ ವಿಮಾನದಿಂದ ತೆಗೆದ ಚಿತ್ರದ ಮೇಲೆ ಕೈಯಿಂದಲೇ ಗೆರೆ ಎಳೆಯುತ್ತಿದ್ದೆವು. ಒಂದು ಹಳ್ಳಿ ರಸ್ತೆ ನೇರ ಹೋಗುತ್ತಿದ್ದದ್ದು ಒಂದು ಕಡೆ ಕಾರಣವಿಲ್ಲದೆ ಹೊಟ್ಟೆ ಉಬ್ಬಿಸಿ ಮತ್ತೆ ನೇರವಾಗಿತ್ತು. ಅಲ್ಲಿ ಮನೆ, ಬಾವಿ, ಹಳ್ಳ ಯಾವುದೂ ಇರಲಿಲ್ಲ. ಹಿಂದಿನವರ ಕೈ ನಡುಗಿರಬೇಕು ಎಂದುಕೊಂಡು ನೆಟ್ಟಗೆ ಮಾಡಿದೆ. ಹೆಂಕ್ ಭೂತಗನ್ನಡಿ ಹಿಡಿದು ನೋಡಿದರು.

"ಇಲ್ಲಿ ಒಂದು ಮುಳ್ಳಿನ ಗಿಡ ಇದೆ, ಕಾಣ್ತಾ? ರಸ್ತೆ ಅದನ್ನ ಸುತ್ತಿಕೊಂಡು ಹೋಗುತ್ತೆ."

"ಒಂದು ಗಿಡಕ್ಕೋಸ್ಕರವಾ?"

"ಕಡಿಯೋಕೆ ಯಾರೂ ಒಪ್ಪಲಿಲ್ಲ. ಅದಕ್ಕೇ ರಸ್ತೆ ಬಾಗಿತು. ನೀನು ಈಗ ಅವರ ಮನೆ ಮೇಲೆ ಲಾರಿ ಹತ್ತಿಸಿದೀಯ."

ಯಾರ ಮನೆ ಎಂದರೆ ಹೇಳಲಿಲ್ಲ. ನಮ್ಮ ಜಿನ್‌ಗಳ ಹಾಗೆ ಕಣ್ಣಿಗೆ ಕಾಣದೆ ನೆಲದಲ್ಲಿ ವಾಸ ಮಾಡುವವರು ಅವರು. ಐರ್ಲೆಂಡಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಒಳ್ಳೆಯ ಜನ' ಎನ್ನುತ್ತಾರೆ, ಇಲ್ಲವೇ ಬರೀ 'ಅವರು'. ಅವರ ವಾಸ ಮಣ್ಣಿನ ಕೋಟೆಗಳಲ್ಲಿ. ಕೋಟೆ ಎಂದಾಕ್ಷಣ ಬುರುಜು, ಕಲ್ಲಿನ ಗೋಡೆ ನೆನೆಸಿಕೊಳ್ಳಬೇಡಿ. ಕೆರೆಯ ಏರಿಯನ್ನು ದುಂಡಗೆ ಬಾಗಿಸಿಟ್ಟರೆ ಹೇಗಿರುತ್ತದೋ ಹಾಗೆ. ಸಾವಿರ ವರ್ಷಕ್ಕೂ ಹಿಂದೆ ರೈತರು ಮನೆ ದನಗಳ ಸುತ್ತ ಎಬ್ಬಿಸಿಕೊಂಡ ಉಂಗುರದಂಥ ದಿಬ್ಬ. ರೈತರು ಹೋದರು, ದಿಬ್ಬ ಉಳಿಯಿತು, ಅದರ ಮೇಲೆ ಮುಳ್ಳು ಬೆಳೆಯಿತು. ಅದನ್ನು ಉತ್ತವನ ಬಾಯಿ ಸೊಟ್ಟಗಾಯಿತು, ಗಿಡ ಕಡಿದವನ ಕೈ ಸೇದಿಹೋಯಿತು, ಅಲ್ಲಿಂದ ಒಂದು ಕಡ್ಡಿ ತಂದವನ ಮನೆಯಲ್ಲಿ ದನ ಸತ್ತವು ಎಂಬ ಮಾತು ಊರೂರಲ್ಲಿದೆ. ಊರಿನ ಹೆಸರುಗಳಲ್ಲೂ ಅವು ಕೂತಿವೆ. ಅಲ್ಲಿನ ಭಾಷೆಯಲ್ಲಿ ಕೋಟೆ ಎಂದೇ ಅರ್ಥವಿರುವ ಲಿಸ್, ರಾಥ್, ಡೂನ್‌ಗಳಿಂದ ಶುರುವಾಗುವ ಹೆಸರುಗಳ ಪಟ್ಟಿಯನ್ನು ಹೆಂಕ್ ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟರು.

"ಚಿತ್ರ ಖಾಲಿ ಇರಬಹುದು. ಆದರೆ ಹೆಸರಲ್ಲಿ ಲಿಸ್ ಇದ್ದರೆ ನೀನು ಖಾಲಿ ಅನ್ನಬೇಡ. ಹಳೇ ನಕ್ಷೆಯ ಹಾಳೆ ತೆಗೆದು ನೋಡು."

ನನಗೆ ಅದೇನೂ ಹೊಸದಾಗಿ ಕಾಣಲಿಲ್ಲ. ಲಕ್ಷ್ಮೇಶ್ವರದಲ್ಲಿ ನಮ್ಮ ನಾನಿಯ ಮನೆ ಹಿಂದೆ, ಕುಂಬಾರರು ಮಣ್ಣು ತೆಗೆಯುವ ತಗ್ಗಿನ ನಡುವೆ, ಒಂದು ಗುಡ್ಡೆ ಮಾತ್ರ ಹಾಗೇ ನಿಂತಿತ್ತು. ಮೇಲೆ ಬೇವಿನ ಮರ, ಕೆಳಗೆ ಯಾರದೋ ಹೆಸರಿಲ್ಲದ ಗೋರಿ. ಸುತ್ತ ಆಳೆತ್ತರ ತೋಡಿದ್ದರೂ ಅದಕ್ಕೆ ಒಬ್ಬರೂ ಗುದ್ದಲಿ ಹಾಕಿರಲಿಲ್ಲ. ನಾನಿ ನಮ್ಮ ಕೈ ಹಿಡಿದು, "ಸಲಾಂ ಹೇಳಿ ದಾಟು ಬೇಟಿ, ಮ್ಯಾಲ ಕಾಲಿಡಬ್ಯಾಡ" ಎನ್ನುತ್ತಿದ್ದಳು. ಯಾಕೆ ನಾನಿ ಎಂದರೆ "ಯಾಕಂತ ಕೇಳಾಕ ಯಾರೂ ಹೋಗಿ ಬಂದಿಲ್ಲ" ಎನ್ನುವಳು.

ಹೆಂಕ್ ನಿವೃತ್ತರಾಗುವಾಗ ತಮ್ಮ ಹಳೆಯ ಹಾಳೆಗಳ ನೆರಳಚ್ಚನ್ನು ನನ್ನ ಡ್ರಾಯರಿನಲ್ಲಿ ತುಂಬಿ ಹೋದರು. ಅವರ ಜಾಗಕ್ಕೆ ಮರೈಕೆ ಬಂದಳು. ಕೆಟ್ಟವಳಲ್ಲ, ಚುರುಕಿನವಳು. ಅವಳ ಜೊತೆಗೇ ಹೊಸ ವಿಧಾನವೂ ಬಂತು. ವಿಮಾನದಿಂದ ಲೇಸರ್ ಬೆಳಕು ಬಿಟ್ಟು ನೆಲದ ಏರುತಗ್ಗನ್ನು ಅಂಗುಲ ಅಂಗುಲ ಅಳೆಯುವುದು. ಆ ಅಳತೆಯಲ್ಲಿ ನೆಲದ್ದಲ್ಲದ ಉಬ್ಬುಗಳನ್ನು, ಅಂದರೆ ಹುಲ್ಲಿನ ಬಣವೆ, ಗೊಬ್ಬರದ ಗುಡ್ಡೆ, ದನಗಳಿಗೆ ಮೇವು ಹಾಕುವ ದುಂಡನೆಯ ಕಬ್ಬಿಣದ ಗೋದಲಿಗಳನ್ನು, ಕಂಪ್ಯೂಟರೇ ಗುರುತಿಸಿ ತೆಗೆಯುವುದು. ಅದು ತೆಗೆದದ್ದನ್ನು ನಾವು ನೋಡಿ ಒಪ್ಪಬೇಕು. ಪ್ರತಿ ಸಾಲಿನ ಎದುರು ಎರಡೇ ಗುಂಡಿ: 'ಇದೆ', 'ಇಲ್ಲ'. ಪರದೆ ಚೊಕ್ಕಟವಾಗಿರಲಿ ಎಂದು ಊರಿನ ಹೆಸರುಗಳನ್ನು ಮರೆ ಮಾಡಿದ್ದರು. ಬೇಕಾದವರು ಒತ್ತಿ ತರಿಸಿಕೊಳ್ಳಬಹುದಿತ್ತು.

ಇದಕ್ಕೆಲ್ಲ ಒಂದು ಕಾವಲೂ ಇತ್ತು. ಡಚ್ಚರು ಅದನ್ನು 'ನಾಲ್ಕು ಕಣ್ಣು' ಎನ್ನುತ್ತಾರೆ. ಏನನ್ನು ಅಳಿಸಿದರೂ ಇಬ್ಬರು ನೋಡಬೇಕು, ಇಬ್ಬರೂ ಸಹಿ ಹಾಕಬೇಕು. ಡಚ್ಚರಲ್ಲಿ ಇದು ಚೆನ್ನಾಗಿಯೇ ನಡೆಯುತ್ತಿತ್ತು. ಒಬ್ಬರು ಇನ್ನೊಬ್ಬರ ತಪ್ಪನ್ನು ಮುಖಕ್ಕೆ ಹೇಳಿ, ಅರ್ಧ ಗಂಟೆಯ ಮೇಲೆ ಒಟ್ಟಿಗೇ ಕಾಫಿ ಕುಡಿಯುತ್ತಿದ್ದರು. ನನ್ನ ಎರಡನೇ ಜೋಡಿ ಕಣ್ಣು ಪ್ರಸಾದ್, ಮೈಸೂರಿನವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ನಮ್ಮಿಬ್ಬರಲ್ಲಿ ಅದು ನಡೆಯಲಿಲ್ಲ. ಕಾರಣ ದಾಕ್ಷಿಣ್ಯ.

"ಮೇಡಂ, ನೀವ್ ನೋಡಿದ್ಮೇಲೆ ನಾನೇನ್ ನೋಡ್ಲಿ? ನಿಮ್ ಕೆಲ್ಸ ಚೆಕ್ ಮಾಡೋಷ್ಟು ದೊಡ್ಡೋನಾ ನಾನು?" ಎಂದು ನನ್ನ ಪಟ್ಟಿಗೆ ಸಹಿ ಹಾಕುತ್ತಿದ್ದ. ಅವನದನ್ನು ನಾನು ಬಿಚ್ಚಿ ಕೂತರೆ ಅವನ ಮೇಲೆ ನಂಬಿಕೆ ಇಲ್ಲ ಎಂದಂತಾಗುತ್ತದಲ್ಲ ಎಂದು ನಾನೂ ಹಾಕುತ್ತಿದ್ದೆ. ಮಧ್ಯಾಹ್ನ ಅವನ ಡಬ್ಬಿಯ ಪುಳಿಯೋಗರೆ ನನಗೆ, ನನ್ನ ಡಬ್ಬಿಯ ಖಾರದ ಬದನೆಕಾಯಿ ಅವನಿಗೆ. ಸಹಿಗಳೂ ಹಾಗೇ ಅದಲು ಬದಲಾಗುತ್ತಿದ್ದವು. ನಾಲ್ಕು ಕಣ್ಣಿನ ಜಾಗದಲ್ಲಿ ಎರಡೇ ಇದ್ದವು, ಒಮ್ಮೊಮ್ಮೆ ಅವೂ ಪೂರ್ತಿ ತೆರೆದಿರುತ್ತಿರಲಿಲ್ಲ.

ಒಂದು ಬುಧವಾರ ಮಗಳ ಶಾಲೆ ಬೇಗ ಬಿಡುವುದಿತ್ತು. ಪಟ್ಟಿಯಲ್ಲಿ ಇನ್ನೂ ನಲವತ್ತರ ಹತ್ತಿರ ಸಾಲು ಉಳಿದಿತ್ತು. ಒಂದು ಸಾಲಿನಲ್ಲಿ ಹೊಲದ ನಡುವೆ ಅರ್ಧ ಸವೆದ ಉಂಗುರ, ಮೊಣಕಾಲಷ್ಟೂ ಎತ್ತರವಿಲ್ಲ. 'ದನದ ಗೋದಲಿ ಇಟ್ಟು ತೆಗೆದ ಗುರುತು' ಎಂದಿತ್ತು ಕಂಪ್ಯೂಟರ್. ಹೆಸರು ತರಿಸಿಕೊಂಡು ನೋಡಬೇಕು ಎಂದು ಮನಸ್ಸಿಗೆ ಬಂದದ್ದು ನಿಜ. ಗಡಿಯಾರ ನೋಡಿದೆ, 'ಇಲ್ಲ' ಒತ್ತಿದೆ, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಓಡಿದೆ. ಪ್ರಸಾದ್ ಸಹಿ ಹಾಕಿದ.

ಎಂಟು ತಿಂಗಳಾದ ಮೇಲೆ ಒಂದು ಗುರುವಾರ, ಬೆಳಗಿನ ಹತ್ತೂಕಾಲು. ನಕ್ಷೆಯಲ್ಲಿ ತಪ್ಪು ಕಂಡವರು ಕಳಿಸುವ ದೂರುಗಳನ್ನು ತೆರೆಯುತ್ತಿದ್ದೆ. ಅಂಗಡಿಯ ಹೆಸರು ಬದಲಾಗಿದೆ, ಬೀದಿ ಒಂದೇ ದಿಕ್ಕಿಗೆ, ಇಂಥವೇ. ನಡುವೆ ಒಂದು, ಸೋಮವಾರ ಬಂದದ್ದು, ಬ್ರೀಡ್ ಎಂಬ ಮುದುಕಿಯದು. ಯಾರ ಕೈಲೋ ಬರೆಸಿದ್ದಳು.

'ನಮ್ಮಣ್ಣನ ಹೊಲದಲ್ಲಿ ಕೋಟೆ ಇದೆ. ನಿಮ್ಮ ನಕ್ಷೆಯಲ್ಲಿ ಇಲ್ಲ. ಅಣ್ಣ ಹೋದ ಮೇಲೆ ಅವನ ಮಗ ಹೊಲವನ್ನು ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ಪೈಪಿಗೆ ದಾರಿ ಮಾಡಲು ನೆಲ ಅಗೆಯುವ ಯಂತ್ರ ಬಂದಿದೆ. ಗುರುವಾರ ಕೆಲಸ ಶುರು. ಅದರೊಳಗೆ ಕೋಟೆಯನ್ನು ವಾಪಸ್ ಇಡಿ.' ಕೆಳಗೆ ಊರಿನ ಹೆಸರು ಲಿಸ್‌ಮೊರಾನ್, ಒಂದು ಫೋನ್ ನಂಬರು.

ಲಿಸ್. ಪರದೆಯಲ್ಲಿ ಜಾಗ ಹುಡುಕಿದೆ. ಚೊಕ್ಕಟ ಹಸಿರು. ಸರ್ಕಾರದ ಸ್ಮಾರಕಗಳ ಪಟ್ಟಿಯಲ್ಲಿ ಕೋಟೆ ಇತ್ತು, ಆದರೆ ಅದರ ಚುಕ್ಕೆ ಪಕ್ಕದ ಹೊಲದಲ್ಲಿ ಬಿದ್ದಿತ್ತು. ಅಳಿಸಿದವರು ಯಾರು ಎಂದು ಒತ್ತಿದರೆ ನನ್ನ ಹೆಸರು, ಅದರ ಕೆಳಗೆ ಪ್ರಸಾದನ ಹೆಸರು. ಡ್ರಾಯರ್ ಎಳೆದು ಹೆಂಕ್ ಬಿಟ್ಟುಹೋದ ಹಾಳೆ ಹುಡುಕಿದೆ. ಉಂಗುರ ಇತ್ತು, ಸುತ್ತ ದಿಬ್ಬದ ಇಳಿಜಾರು ತೋರಿಸುವ ಬಾಚಣಿಗೆ ಹಲ್ಲಿನಂಥ ಗೆರೆಗಳು. ಅದರ ಪಕ್ಕದಲ್ಲಿ ಸಣ್ಣ ಓರೆ ಅಕ್ಷರದಲ್ಲಿ ಒಂದೇ ಶಬ್ದ: ಗುಹೆ.

ಹೆಂಕ್ ಹೇಳಿದ್ದು ನೆನಪಾಯಿತು. ಕೆಲವು ಕೋಟೆಗಳ ಕೆಳಗೆ ಕಲ್ಲು ಕಟ್ಟಿದ ಸುರಂಗ ಇರುತ್ತದೆ. ಕಳ್ಳರು ಬಂದಾಗ ಅಡಗಲಿಕ್ಕೆ, ಹಾಲು ಬೆಣ್ಣೆ ತಣ್ಣಗಿಡಲಿಕ್ಕೆ. ಮೇಲೆ ಬರೀ ಚಪ್ಪಡಿ, ಅದರ ಮೇಲೆ ಮಣ್ಣು. ದನ ನಡೆದರೆ ತಡೆದೀತು, ಹದಿನೈದು ಇಪ್ಪತ್ತು ಟನ್ನಿನ ಯಂತ್ರವನ್ನು ತಡೆಯುತ್ತದೆಯೇ?

ಬ್ರೀಡ್‌ಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. ಅವರೆಲ್ಲ ಮಾತಾಡಿದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದಿದೆ.

"ನಕ್ಷೆಯೋಳಾ ನೀನು? ಸೋಮವಾರ ಬರೆದೆ ನಾನು. ಇವತ್ತೇನು ವಾರ?"

"ಅಮ್ಮಾ, ಕೆಲಸ ಶುರು ಆಗಿದೆಯಾ?"

"ಆ ಹುಡುಗ ಡೆಕ್ಲನ್, ಯಂತ್ರದವನು, ಮೂರು ದಿನ ಒಲ್ಲೆ ಅಂದ. ಅವನ ತಂದೆಯೂ ಇದೇ ಸೀಮೆಯವನು, ಗೊತ್ತಿದೆ ಅವನಿಗೆ. ನಿನ್ನೆ ಅವನ ಸಾಹೇಬ ಬಂದು ನಿನ್ನ ನಕ್ಷೆ ತೋರಿಸಿದ. ನೋಡು, ಇಲ್ಲಿ ಏನೂ ಇಲ್ಲ, ದನದ ಗೋದಲಿ ಇಟ್ಟಿದ್ರು ಅಷ್ಟೆ, ಅಂತ. ಇವತ್ತು ಒಂಬತ್ತಕ್ಕೆ ಒಳಗೆ ಹೋದ. ಕಿಟಕೀಲಿ ಕಾಣ್ತಿದಾನೆ ನನಗೆ."

ಅವನ ನಂಬರು ಕೊಟ್ಟಳು. ಹಿಂದಿನ ದಿನ ಟೀ ಕುಡಿಯಲು ಬಂದವನು, ಏನಾದರೂ ಕಂಡರೆ ಫೋನ್ ಮಾಡಿ ಅಜ್ಜಿ ಎಂದು ಬರೆದಿಟ್ಟು ಹೋಗಿದ್ದನಂತೆ.

ನಿಯಮದ ಪ್ರಕಾರ ನಾನು ಮರೈಕೆಗೆ ಹೇಳಬೇಕು, ಮರೈಕೆ ಆ ಕಂಪನಿಗೆ ಪತ್ರ ಬರೆಯಬೇಕು, ತಿದ್ದುಪಡಿ ಮುಂದಿನ ಬಿಡುಗಡೆಯಲ್ಲಿ ಹೋಗಬೇಕು. ಮರೈಕೆ ಮೀಟಿಂಗಿನಲ್ಲಿದ್ದಳು. ಗಾಜಿನ ಗೋಡೆಯಾಚೆ ಅವಳು ನಗುತ್ತಿರುವುದು ಕಾಣುತ್ತಿತ್ತು. ಡೆಕ್ಲನ್‌ನ ನಂಬರು ಒತ್ತಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಒತ್ತಿದೆ. ಪ್ರಸಾದ್ ಎದ್ದು ಬಂದ.

"ಏನಾಯ್ತು ಮೇಡಂ? ಮುಖ ಹಿಂಗ್ಯಾಕಿದೆ?"

ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಓದಿದ, ಪರದೆಯ ಮೇಲಿನ ಎರಡು ಹೆಸರು ನೋಡಿದ. ಮೂರನೇ ಸಲಕ್ಕೆ ಫೋನ್ ಎತ್ತಿದರು. ಮೊದಲು ಕೇಳಿಸಿದ್ದು ಎಂಜಿನ್ನಿನ ಗುರುಗುರು.

"ಯಾರು?"

"ನನ್ನ ಹೆಸರು ನೂರ್‌ಜಹಾನ್. ಹಾಲೆಂಡ್‌ನಿಂದ ಮಾತಾಡ್ತಿದೀನಿ. ನೀವು ನಿನ್ನೆ ನೋಡಿದ ನಕ್ಷೆ ಮಾಡಿದವಳು."

"ಓ! ದೇವರು ಒಳ್ಳೇದು ಮಾಡಲಿ ನಿಮಗೆ. ಮೂರು ದಿನ ನಿದ್ದೆ ಇರಲಿಲ್ಲ ನನಗೆ. ನಿಮ್ಮ ನಕ್ಷೆ ನೋಡಿದ ಮೇಲೆ ನಿನ್ನೆ ಮಲಗಿದೆ."

ಇಪ್ಪತ್ತೊಂದು ವರ್ಷದಲ್ಲಿ ನನ್ನ ಕೆಲಸಕ್ಕೆ ಸಿಕ್ಕ ದೊಡ್ಡ ಹೊಗಳಿಕೆ ಅದೇ.

"ಈಗ ಎಲ್ಲಿದೀರಿ?"

"ಅದರ ಮೇಲೇ. ಮುಳ್ಳಿನ ಗಿಡ ಎಡಕ್ಕಿದೆ. ಅದನ್ನ ಮುಟ್ಟಲ್ಲ, ಅಷ್ಟು ಮಾತ್ರ ನಾನೇ ಇಟ್ಟುಕೊಂಡಿದೀನಿ."

"ಡೆಕ್ಲನ್, ನಕ್ಷೆ ತಪ್ಪು. ಅಲ್ಲಿ ಕೋಟೆ ಇದೆ."

ನಕ್ಕ. ಆದರೆ ನಗು ಪೂರ್ತಿಯಾಗಲಿಲ್ಲ. "ಹೆದರಿಸಬೇಡಿ ಮೇಡಂ. ಆ ಮುದುಕಿ ಹೇಳಿ ಕಳಿಸಿದಳಾ?"

"ಹೆದರಿ. ದಯವಿಟ್ಟು ಹೆದರಿ. ಅಳಿಸಿದ್ದು ನಾನು. ನೋಡದೆ ಅಳಿಸಿದೆ, ಮನೆಗೆ ಹೋಗೋ ಆತುರದಲ್ಲಿ. ಹಳೇ ಹಾಳೆ ನನ್ನ ಮುಂದಿದೆ. ಕೆಳಗೆ ಕಲ್ಲಿನ ಸುರಂಗ ಇದೆ ಅಂತಿದೆ."

ಎಂಜಿನ್ನಿನ ಸದ್ದು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ನಿಂತಿತು. ಅಷ್ಟು ದೂರದ ಆ ಹೊಲದ ಮೌನ ನಮ್ಮ ಆಫೀಸಿನೊಳಕ್ಕೆ ಬಂದಂತಾಯಿತು. ಎಲ್ಲೋ ಒಂದು ಕಾಗೆ ಕೂಗಿದ್ದೂ ಕೇಳಿಸಿತು.

"ಎಲ್ಲಿ?" ಎಂದ. ದನಿ ಬದಲಾಗಿತ್ತು. "ಯಾವ ಕಡೆ ಇದೆ? ಮುಂದೆಯಾ, ಹಿಂದೆಯಾ?"

ಹಾಳೆ ನೋಡಿದೆ. 'ಗುಹೆ' ಎಂಬ ಶಬ್ದ ಉಂಗುರದ ಬಲಕ್ಕೆ, ಹೊರಗೆ ಬರೆದಿತ್ತು. ಪ್ರಸಾದ್ ಅದರ ಮೇಲೆ ಬೆರಳಿಟ್ಟು "ಇಲ್ಲಿ, ಇಲ್ಲಿ ಅಂತ ಹೇಳಿ ಮೇಡಂ" ಎಂದ. ನಾನೂ ಹೇಳಿಬಿಡುತ್ತಿದ್ದೆ. ಬಾಯಿ ತೆರೆದಾಗ ಹೊಳೆಯಿತು. ಶಬ್ದವನ್ನು ನಕ್ಷೆಯವರು ಜಾಗ ಇದ್ದಲ್ಲಿ ಬರೆಯುತ್ತಾರೆ, ನಾನೂ ಹಾಗೇ ಎಷ್ಟೋ ಸಾವಿರ ಸಲ ಬರೆದಿದ್ದೇನೆ. ಅಕ್ಷರ ಇರುವ ಕಡೆ ಗುಹೆ ಇರಬೇಕೆಂದಿಲ್ಲ. ಅದು ಅವನ ಮುಂದಿರಬಹುದು, ಹಿಂದಿರಬಹುದು, ಅವನ ಕೆಳಗೇ ಇರಬಹುದು.

"ಗೊತ್ತಿಲ್ಲ," ಎಂದೆ.

"ಗೊತ್ತಿಲ್ಲ ಅಂದ್ರೆ?"

"ನನಗೆ ಗೊತ್ತಿಲ್ಲ ಡೆಕ್ಲನ್. ಯಂತ್ರ ತಿರುಗಿಸಬೇಡಿ. ಇಳಿಯಿರಿ. ಯಂತ್ರ ಒಳಗೆ ಬಂದಾಗ ಬಿದ್ದ ಚಕ್ರಪಟ್ಟಿಯ ಗುರುತಿನ ಮೇಲೇ ಕಾಲಿಟ್ಟು ವಾಪಸ್ ನಡೀರಿ. ಆ ನೆಲ ಒಂದು ಸಲ ನಿಮ್ಮನ್ನ ಹೊತ್ತಿದೆ. ಬೇರೆ ಎಲ್ಲಿಯೂ ಕಾಲಿಡಬೇಡಿ."

ಬಾಗಿಲು ತೆರೆದ ಸದ್ದು. ಕಬ್ಬಿಣದ ಮೇಲೆ ಬೂಟು. ಆಮೇಲೆ ಉಸಿರು, ಹೆಜ್ಜೆ, ಉಸಿರು. ಏನೋ ಪ್ರಾರ್ಥನೆ ಹೇಳುತ್ತಿದ್ದ, ನಡುನಡುವೆ ನಿಲ್ಲುತ್ತಿದ್ದ. ನಿಂತಾಗಲೆಲ್ಲ ನಾನು ಮೇಜಿನ ಅಂಚು ಹಿಡಿಯುತ್ತಿದ್ದೆ. ನಾನೂ ನನಗೆ ಬರುವ ಕುರಾನಿನ ಆಯತ್ ಹೇಳಿಕೊಳ್ಳುತ್ತಿದ್ದೆ. ಪ್ರಸಾದ್ ಕಣ್ಣು ಮುಚ್ಚಿ ನಿಂತಿದ್ದ, ಅವನ ತುಟಿಯೂ ಆಡುತ್ತಿತ್ತು. ಒಂದು ಕಡೆ ಡೆಕ್ಲನ್ "ಇಲ್ಲಿ ಮೆತ್ತಗಿದೆ" ಎಂದ. ಮತ್ತೆ ಹೆಜ್ಜೆ. ಕೊನೆಗೆ ನಾಯಿಯೊಂದು ಬೊಗಳಿತು, ಮುದುಕಿಯ ದನಿ ಕೇಳಿಸಿತು.

"ಗೇಟಿಗೆ ಬಂದೆ," ಎಂದ. ಆಮೇಲೆ ಫೋನ್ ಬಿದ್ದಿರಬೇಕು, ಬರೀ ಗಾಳಿ.

ಏನೂ ಕುಸಿಯಲಿಲ್ಲ. ನಾಲ್ಕನೇ ದಿನ ನೆಲದೊಳಗೆ ನೋಡುವ ಉಪಕರಣ ತಂದು ಅಳೆದರು. ಸುರಂಗ ಒಂದು ಮೊಳದ ಆಳದಲ್ಲಿ ಯಂತ್ರದ ಅಡಿಗೇ ಹಾದುಹೋಗಿತ್ತು. ಬಲಗಡೆಯ ಚಕ್ರಪಟ್ಟಿಯ ಕೆಳಗಿನ ಚಪ್ಪಡಿ ಅಡ್ಡಕ್ಕೆ ಸೀಳಿತ್ತು. ಬಿರುಕು ಬಿಟ್ಟ ಆ ಕಲ್ಲು ಅಷ್ಟು ದಿನ ಯಂತ್ರವನ್ನು ಹೊತ್ತುಕೊಂಡೇ ಇತ್ತು. ದೂರದಿಂದ ಉಕ್ಕಿನ ಹಗ್ಗ ಕಟ್ಟಿ ಎಳೆದರು. ಪೈಪಿನ ದಾರಿ ಆ ಹೊಲ ಬಿಟ್ಟು ಸುತ್ತಿಕೊಂಡು ಹೋಯಿತು.

ಮರೈಕೆ ಅಂದು ಮಧ್ಯಾಹ್ನವೇ ನಮ್ಮಿಬ್ಬರನ್ನು ಕೂರಿಸಿಕೊಂಡಳು. ಗ್ರಾಹಕರ ಕೆಲಸಗಾರನಿಗೆ ನೇರ ಫೋನ್ ಮಾಡಿದ್ದಕ್ಕೆ ಮೊದಲು ಬೈದಳು, ಆಮೇಲೆ ಕೇಳಿದಳು, "ಎರಡನೇ ಸಹಿ ಹೇಗೆ ಬಂತು?" ಪ್ರಸಾದನ ಕೆಲಸದ ಪರ್ಮಿಟ್ ನವೀಕರಣಕ್ಕೆ ಹೋಗಿತ್ತು, ತಪ್ಪು ಒಪ್ಪಿಕೊಂಡರೆ ಅದು ನಿಂತುಹೋಗಬಹುದಿತ್ತು. ನಾನು ಏನೋ ಹೇಳಲು ಹೊರಟೆ.

"ಇರಿ ಮೇಡಂ," ಎಂದು ನನಗೆ ಕನ್ನಡದಲ್ಲಿ ಹೇಳಿ, ಅವಳ ಕಡೆ ತಿರುಗಿ, "ನಾನು ನೋಡಲಿಲ್ಲ. ಅವರದನ್ನ ಯಾವತ್ತೂ ನೋಡಿಲ್ಲ," ಎಂದ.

"ಯಾಕೆ?"

"ಮರ್ಯಾದೆಗೆ."

ಮರೈಕೆ ಅದನ್ನೂ ಬರೆದುಕೊಂಡಳು. ಅರ್ಥವಾಯಿತೋ ಇಲ್ಲವೋ. ಇಬ್ಬರಿಗೂ ಲಿಖಿತ ಎಚ್ಚರಿಕೆ ಬಂತು. ಐದು ತಿಂಗಳು ಪ್ರಸಾದ್ ದಿನಾ ಬೆಳಿಗ್ಗೆ ಟಪಾಲು ಡಬ್ಬಿ ತೆರೆಯಲು ಹೆದರುತ್ತಿದ್ದ. ಕೊನೆಗೆ ಪರ್ಮಿಟ್ ಬಂತು. ಅಂದಿನಿಂದ ಅವನು ನನ್ನ ಪಟ್ಟಿಯಲ್ಲಿ ಒಂದೊಂದು ಸಾಲೂ ಬಿಚ್ಚಿ ನೋಡುತ್ತಿದ್ದ. "ಮೇಡಂ, ಇದೇನ್ ಹಿಂಗ್ ಮಾಡಿದೀರಾ?" ಎಂದು ಎಲ್ಲರೆದುರು ಕೇಳುತ್ತಿದ್ದ. ಮೊದಲೆರಡು ವಾರ ಮನಸ್ಸಿಗೆ ಚುಚ್ಚಿತು. ಪುಳಿಯೋಗರೆ ಮಾತ್ರ ನಿಲ್ಲಲಿಲ್ಲ.

ಮುಂದಿನ ವಸಂತದಲ್ಲಿ ನಾನೂ ನಮ್ಮ ಮನೆಯವರೂ ಲಿಸ್‌ಮೊರಾನ್‌ಗೆ ಹೋದೆವು. ಬ್ರೀಡ್ ನನ್ನ ಭುಜದಷ್ಟೂ ಇರಲಿಲ್ಲ. ಗೇಟಿನ ಹತ್ತಿರ ಅಡ್ಡ ಕೈ ಇಟ್ಟು, "ಇಲ್ಲಿಂದ ನೋಡು, ಸಾಕು," ಎಂದಳು. ನೋಡಿದರೆ ಏನಿತ್ತು? ಹುಲ್ಲು, ಸ್ವಲ್ಪ ಉಬ್ಬಿದ ನೆಲ, ಬಿಳಿ ಹೂ ಬಿಟ್ಟ ಮುಳ್ಳಿನ ಗಿಡ, ಅದರ ಪಕ್ಕ ಯಂತ್ರ ಬಿಟ್ಟುಹೋದ ಗಾಯದಂಥ ಗುರುತು. ನನಗೆ ಅರಿವಿಲ್ಲದೆಯೇ ಕೈ ಹಣೆಗೆ ಹೋಯಿತು, ಸಲಾಂ ಹೇಳಿದೆ. ಬ್ರೀಡ್ ನೋಡಿದಳು, ಯಾಕೆ ಎಂದು ಕೇಳಲಿಲ್ಲ.

"ಹಿಂದಿನವರಿಗೆ ಸುರಂಗ ಇರೋದು ಗೊತ್ತಿತ್ತು ಅನಿಸುತ್ತೆ. ಅದು ಮರೆತುಹೋಗಿ ಹೆದರಿಕೆ ಮಾತ್ರ ಉಳೀತೇನೋ," ಎಂದೆ, ನನ್ನ ಜಾಣತನ ತೋರಿಸಲು.

"ಸುರಂಗಕ್ಕಲ್ಲ ಹೆದರೋದು," ಎಂದಳು. "ಅದು ಅವರ ಮನೆಯ ಬಾಗಿಲು. ಬಾಗಿಲಿಗೆ ಯಾರಾದರೂ ಹೆದರುತ್ತಾರಾ?"

ಡೆಕ್ಲನ್ ಕೂಡ ಬಂದಿದ್ದ. ಮೂವತ್ತರ ಆಸುಪಾಸು, ಕೆಂಪು ಕೈಗಳು, ಕಂಕುಳಲ್ಲಿ ಮಗು. ಆ ದಿನ ಎಂಜಿನ್ ನಿಲ್ಲಿಸಿದ್ದು ಯಾಕೆ, ಅವರಿಗೆ ಹೆದರಿಯೋ, ಸುರಂಗಕ್ಕೋ ಎಂದು ಕೇಳಿದೆ.

"ನಿಲ್ಲಿಸಿದ್ದು ನೀವು 'ಅಳಿಸಿದ್ದು ನಾನು' ಅಂದಿದ್ದಕ್ಕೆ. ಇಳಿದದ್ದು 'ಗೊತ್ತಿಲ್ಲ' ಅಂದಿದ್ದಕ್ಕೆ. ಇಷ್ಟು ವರ್ಷದಲ್ಲಿ ಆಫೀಸಿನವರ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ."

ಇನ್ನೊಂದನ್ನು ಬರೆಯಲೋ ಬೇಡವೋ ಎಂದಿದ್ದೆ. ಹೂಫ್‌ಡಾರ್ಪ್‌ಗೆ ವಾಪಸ್ ಬಂದು ಬಟ್ಟೆ ಒಗೆಯಲು ತೆಗೆದಾಗ ನನ್ನ ಶಾಲಿನ ಅಂಚಿನಲ್ಲಿ ಮುಳ್ಳಿನ ಒಂದು ಸಣ್ಣ ಕಡ್ಡಿ ಸಿಕ್ಕಿಕೊಂಡಿತ್ತು, ಎರಡು ಒಣಗಿದ ಹೂವಿನ ಸಮೇತ. ಬೇಲಿಯದೋ, ಗಾಳಿಗೆ ಹಾರಿ ಬಂದದ್ದೋ. ನಾನು ನಮಾಜು ಬಿಡದವಳು, ಇಂಥದನ್ನೆಲ್ಲ ನಂಬಬಾರದು ಎಂದು ಮಗಳಿಗೆ ಹೇಳಿ ಬೆಳೆಸಿದವಳು. ಆದರೂ ಅದನ್ನು ಕಸದ ಡಬ್ಬಿಗೆ ಹಾಕಲು ಕೈ ಬರಲಿಲ್ಲ. ಮನೆಯೊಳಗೆ ಇಡಲೂ ಆಗಲಿಲ್ಲ. ಬಾಲ್ಕನಿಯಲ್ಲಿ ತಟ್ಟೆಯ ಮೇಲಿಟ್ಟು ಬಾಗಿಲು ಹಾಕಿದೆ. ಮಗಳು ಬರುವುದು ಹತ್ತು ನಿಮಿಷ ತಡವಾದರೂ ಆ ತಟ್ಟೆಯ ಕಡೆ ಕಣ್ಣು ಹೋಗುತ್ತಿತ್ತು. ಮೂರನೇ ದಿನ ಲಕೋಟೆಗೆ ಹಾಕಿ ಬ್ರೀಡ್‌ಗೆ ಕಳಿಸಿದೆ.

"ಅಲ್ಲಾ ನೂರ್, ಐರ್ಲೆಂಡ್ ಜಿನ್‌ಗಳಿಗೆ ಡಚ್ ಸ್ಟಾಂಪ್ ನಡೆಯುತ್ತಾ?" ಎಂದು ಮನೆಯವರು ನಕ್ಕರು. ಆದರೆ ಅಂಚೆ ಡಬ್ಬಿಯವರೆಗೆ ನನ್ನ ಜೊತೆಗೇ ಬಂದರು, ಲಕೋಟೆ ಒಳಗೆ ಬಿದ್ದ ಸದ್ದು ಕೇಳಿದ ಮೇಲೆಯೇ ತಿರುಗಿದರು. ಎರಡು ವಾರದ ಮೇಲೆ ಬ್ರೀಡ್‌ಳ ಕಾರ್ಡು ಬಂತು. ಒಂದೇ ಸಾಲು: 'ಬೇಲಿ ಮೇಲಿಂದ ಹಾಕಿದೆ.'

ಕೆಲಸ ಬಿಡುವ ಮುಂಚೆ ಮರೈಕೆಯನ್ನು ಕಾಡಿ ಬೇಡಿ ಒಂದು ಬದಲಾವಣೆ ಮಾಡಿಸಿದೆ. 'ಇದೆ', 'ಇಲ್ಲ' ಎಂಬ ಎರಡು ಗುಂಡಿಯ ಪಕ್ಕ ಮೂರನೆಯದು ಬಂತು: 'ಗೊತ್ತಿಲ್ಲ'. ಅದನ್ನು ಒತ್ತಿದರೆ ಕೆಲಸ ನಿಧಾನವಾಗುತ್ತದೆ, ಯಾರಿಗೋ ಫೋನ್ ಮಾಡಬೇಕಾಗುತ್ತದೆ, ತಿಂಗಳ ಲೆಕ್ಕದಲ್ಲಿ ನಿಮ್ಮ ಹೆಸರು ಕೆಳಗಿಳಿಯುತ್ತದೆ. ಒತ್ತಿ.

ಡೆಕ್ಲನ್ ಇನ್ನೂ ಅದೇ ಕೆಲಸದಲ್ಲಿದ್ದಾನೆ. ಹೊಸ ಹೊಲಕ್ಕೆ ಇಳಿಯುವ ಮುಂಚೆ ನನ್ನ ಫೋನಿಗೆ ಆ ಜಾಗದ ಗುರುತು ಕಳಿಸುತ್ತಾನೆ, ಕೆಳಗೆ 'ನೋಡಿ ಹೇಳಿ ನೂರ್' ಎಂದು. ಆಫೀಸಿನಲ್ಲಿದ್ದಾಗ ಹಳೇ ಹಾಳೆ, ಲೇಸರ್ ಅಳತೆ, ಹೆಸರು ಎಲ್ಲ ನೋಡಿ, ಪ್ರಸಾದನಿಗೂ ತೋರಿಸಿ ಉತ್ತರಿಸುತ್ತಿದ್ದೆ. ಈಗ ನನ್ನ ಹತ್ತಿರ ಅದೊಂದೂ ಇಲ್ಲ. ಕಣ್ಣೂ ಇಲ್ಲ; ಎಡಗಣ್ಣಿನ ನಡುವೆ ಒಂದು ಬೂದು ಬಣ್ಣದ ದುಂಡು ಸದಾ ನಿಂತಿರುತ್ತದೆ, ಏನನ್ನು ನೋಡಿದರೂ ಅದರ ಮೇಲೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ಚಪಾತಿ ಹಿಟ್ಟು ಕಲಸುತ್ತಿದ್ದಾಗ ಅವನ ಗುರುತು ಬಂತು. ಕೈ ತೊಳೆದು, ಫೋನನ್ನು ಬಲಗಣ್ಣಿನ ಹತ್ತಿರ ಹಿಡಿದು ನೋಡಿದೆ. ಹಸಿರು. ಚೊಕ್ಕಟ ಹಸಿರು. ಹಿಗ್ಗಿಸಿದೆ, ಕುಗ್ಗಿಸಿದೆ. ಊರಿನ ಹೆಸರಲ್ಲಿ ಲಿಸ್ ಇರಲಿಲ್ಲ, ರಾಥ್ ಇರಲಿಲ್ಲ. ಏನೂ ಇಲ್ಲ, ಹೋಗು ಎನ್ನಬಹುದಿತ್ತು; ನೂರಕ್ಕೆ ತೊಂಬತ್ತೊಂಬತ್ತು ಪಾಲು ಅದೇ ನಿಜವಿತ್ತು. ಅವನು ಎಂಜಿನ್ ಶುರು ಮಾಡದೆ ಕೂತಿರುತ್ತಾನೆ, ಸಾಹೇಬ ಗಡಿಯಾರ ನೋಡುತ್ತಿರುತ್ತಾನೆ.

'ಗೊತ್ತಿಲ್ಲ' ಎಂದು ಬರೆದೆ. 'ಆ ಊರಿನ ಹಳಬರನ್ನು ಕೇಳಿ. ಅಲ್ಲಿ ಕಾಲಿಡಲು ಹೆದರುವವರು ಯಾರಾದರೂ ಇದ್ದಾರಾ ಅಂತ.'

ಉತ್ತರ ಬರುವವರೆಗೆ ಹಿಟ್ಟು ಮುಟ್ಟಲಿಲ್ಲ. ಗೋಡೆಗೆ ಒರಗಿ, ಅವತ್ತಿನ ಹಾಗೆಯೇ, ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟಂತೆ ನಿಂತಿದ್ದೆ.

'ಸರಿ,' ಎಂದು ಬಂತು. 'ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ. ಕೇಳಿ ಬರ್ತೀನಿ.'